ಎಮ್ಮೆಗಳನ್ನು ಹೂಳಿದ್ದೀರಾ? ಮೊದಲು ಅದನ್ನು ಹೇಳಿ

ನೆರೆಯಲ್ಲಿ ಎರಡು ಎಮ್ಮೆ ಸತ್ತಿವೆ, ಸರ್ಕಾರದ ಪರಿಹಾರಕ್ಕೆ ಕಾಯುವುದೋ ಸಾಲ ಮಾಡಿ ಬೇರೆ ತರುವುದೋ ಎಂದು ಕೇಳಿದ್ದೀರಿ. ಅದು ಆಮೇಲಿನ ಮಾತು. ಸತ್ತ ಎಮ್ಮೆಗಳು ಈಗ ಎಲ್ಲಿವೆ?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಮುಧೋಳ ತಾಲ್ಲೂಕಿನ ನಮ್ಮ ಊರಿಗೂ ನೀರು ನುಗ್ಗಿತು. ರಾತ್ರಿ ಅವ್ವನನ್ನೂ ಮಕ್ಕಳನ್ನೂ ಟ್ರ್ಯಾಕ್ಟರಿನಲ್ಲಿ ಶಾಲೆಗೆ ಸಾಗಿಸಿ, ದನ ಬಿಚ್ಚಲು ಮರಳಿ ಬರುವಷ್ಟರಲ್ಲಿ ಎದೆಮಟ್ಟ ನೀರು. ಬಾಗಿಲ ಬಳಿಯ ಎತ್ತುಗಳ ಹಗ್ಗ ಕೊಯ್ದೆ, ಅವು ಈಜಿ ದಡ ಸೇರಿದವು. ಒಳಗೆ ಕಟ್ಟಿದ್ದ ಎರಡು ಎಮ್ಮೆಗಳ ತನಕ ಹೋಗಲಾಗಲಿಲ್ಲ. ಎಮ್ಮೆಗೆ ಈಜು ಯಾರೂ ಕಲಿಸಬೇಕಿಲ್ಲ. ಅವನ್ನು ಕೊಂದದ್ದು ನಾನು ಕಟ್ಟಿದ ಹಗ್ಗ.

ಆದರೆ ನನ್ನನ್ನು ಮುಳುಗಿಸಿದ ತಪ್ಪು ಅದಲ್ಲ. ನಾಲ್ಕನೆಯ ದಿನ ನೀರು ಇಳಿದಾಗ ಎರಡೂ ಉಬ್ಬಿ ನಾರುತ್ತಿದ್ದವು. ಲಕ್ಷ್ಮಿಯನ್ನು ಹೀಗೆ ಬಿಡಬಾರದು ಎಂದು ಓಣಿಯ ಹಿರಿಯರು ಹೇಳಿದರು. ಪಕ್ಕದ ಹೊಲದಲ್ಲಿದ್ದ ಜೆಸಿಬಿ ಮಧ್ಯಾಹ್ನದೊಳಗೆ ಬೇರೆ ಊರಿಗೆ ಹೊರಡುವುದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಗುಂಡಿ ತೋಡಿಸಿ, ಉಪ್ಪು ಸುರಿದು, ಅರಿಷಿಣ ಕುಂಕುಮ ಹಾಕಿ ಮುಚ್ಚಿಬಿಟ್ಟೆ. ಪಶುವೈದ್ಯರೂ ಊರಿನ ಕಂದಾಯ ಲೆಕ್ಕ ನೋಡುವ ತಲಾಟಿಯೂ ಬಂದದ್ದು ಎರಡು ಗಂಟೆಗೆ. ಐದೇ ತಾಸು! ಫೋಟೊ ಕೂಡ ಇಲ್ಲ. ನನ್ನ ಮೊಬೈಲ್ ನೀರಿಗೆ ಬಿದ್ದಿತ್ತು ಎಂದು ಎಲ್ಲರಿಗೂ ಹೇಳುತ್ತಾ ಬಂದೆ. ನಿಜ ಹೇಳಬೇಕೆಂದರೆ ಜೆಸಿಬಿ ಚಾಲಕನ ಕಿಸೆಯಲ್ಲೇ ಒಂದು ಮೊಬೈಲ್ ಇತ್ತು, ಕೇಳಲು ತೋಚಲಿಲ್ಲ.

ಮಣ್ಣಿನ ಗುಡ್ಡೆ ತೋರಿಸಿದೆ. “ಇದರೊಳಗೆ ಎಮ್ಮೆ ಇದೆಯೋ ಕಲ್ಲು ಇದೆಯೋ, ನಾನು ಏನೆಂದು ಬರೆಯಲಿ ಯಜಮಾನರೇ?” ಎಂದರು ವೈದ್ಯರು. ಮರಣೋತ್ತರ ಪರೀಕ್ಷೆಯ ವರದಿ ಇಲ್ಲ, ಪಂಚನಾಮೆ ಇಲ್ಲ, ಹಣವೂ ಇಲ್ಲ. ಪಕ್ಕದ ಮನೆಯ ಕಾಕಾ ತಮ್ಮ ಎಮ್ಮೆಗೆ ತಾಡಪತ್ರಿ ಹೊದಿಸಿ, ಮೂಗಿಗೆ ಟವೆಲ್ ಸುತ್ತಿಕೊಂಡು ಕುಳಿತೇ ಇದ್ದರು. ಅವರಿಗೆ ಆಗಿನ ದರದಂತೆ 30,000 ರೂಪಾಯಿ ಬಂತು. ನಾನು 60,000 ಕಳೆದುಕೊಂಡು ವರ್ಷವಿಡೀ ಕಚೇರಿ ಅಲೆದೆ.

ಆದ್ದರಿಂದ ವಾಸನೆ ಬರಲಿ, ಊರವರು ಬೈಯಲಿ, ವೈದ್ಯರು ನೋಡುವ ತನಕ ಮಣ್ಣು ಮಾಡಬೇಡಿ. ಎಮ್ಮೆಯ ಕಿವಿಗೆ ಹಾಕಿದ ಗುರುತಿನ ಬಿಲ್ಲೆಯ ಹನ್ನೆರಡು ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ತಲಾಟಿ ಫೋನ್ ಎತ್ತದಿದ್ದರೆ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಧಾರ್ ಜೋಡಣೆಯಾಗಿರುವ ಖಾತೆಯನ್ನೇ ಕೊಡಿ. ‘ಮಾಡಿಸಿಕೊಡುತ್ತೇನೆ’ ಎಂದು ಬರುವವನಿಗೆ ಚಹಾ ಕುಡಿಸಿ ಕಳಿಸಿ, ದುಡ್ಡು ಕೊಡಬೇಡಿ.

ಇನ್ನು, ಪರಿಹಾರವೆಂದರೆ ಎಮ್ಮೆಯ ಬೆಲೆ ಎಂದು ನೀವು ತಿಳಿದಂತಿದೆ. ಅಲ್ಲವೇ ಅಲ್ಲ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ನಿಧಿಯ ದರದಲ್ಲಿ ಹಾಲು ಕೊಡುವ ಎಮ್ಮೆ, ಆಕಳಿಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ, ಮೇಕೆಗೆ 4,000 ರೂಪಾಯಿ. ಹಾಲಿನ ದೊಡ್ಡ ದನವಾದರೆ ಮನೆಗೆ ಮೂರು, ಕುರಿಯಾದರೆ ಮೂವತ್ತರ ತನಕ ಮಾತ್ರ. ನಿಮ್ಮ ಎರಡಕ್ಕೆ 75,000. ಒಳ್ಳೆಯ ಮುರ್ರಾ ತಳಿಯ ಎಮ್ಮೆ ಒಂದಕ್ಕೇ ಅದು ಸಾಲುವುದು ಕಷ್ಟ.

ನಾನು ಸಿಟ್ಟಿನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದು ಅದೇ ತಿಂಗಳು ಎಮ್ಮೆ ಕೊಂಡೆ. ಮೇವು ಪೂರ್ತಿ ಕೊಳೆತಿತ್ತು, ಕೊಟ್ಟಿಗೆಗೆ ಗೋಡೆ ಇರಲಿಲ್ಲ. ನೀವು ದೀಪಾವಳಿಯ ತನಕ ಸಂತೆಯ ಕಡೆ ಹೋಗಬೇಡಿ. ನೆರೆ ಇಳಿದ ಊರಿನವನು ಎಂದು ಗೊತ್ತಾದರೆ ದಲ್ಲಾಳಿ ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ.