ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ

ಪ್ರಶ್ನೆ: ಸರ್, 2012ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದರೆ ಓಡುತ್ತದೆ ಅಂತ ತಂಗಿ ಮಗ ಹೇಳುತ್ತಾನೆ. ಯಾವುದು ಹಾಕಲಿ, ಹೇಗೆ ಶುರು ಮಾಡಲಿ?
— ತಿಪಟೂರಿನ ಓದುಗರು

ಉತ್ತರ: ತಂಗಿ ಮಗ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ ಹೇಳಿದ್ದಾನೆ. ಲಿನಕ್ಸ್ ಹಗುರ ಇರಬಹುದು, ಬ್ರೌಸರ್ ಎಲ್ಲಿ ಹೋದರೂ ಭಾರವೇ. ಲುಬುಂಟು (ಲಿನಕ್ಸ್‌ನ ಹಗುರವಾದ ಒಂದು ರೂಪ) ಹಾಕಿದರೆ ಸುಮ್ನೆ ಕೂತಾಗ ಅರ್ಧ ಜಿಬಿ ಆಸುಪಾಸು ರ‍್ಯಾಮ್ ತಿನ್ನುತ್ತದೆ, ಆಮೇಲೆ ನೀವು ಫೈರ್‌ಫಾಕ್ಸ್ ತೆಗೆದು ಒಂದು ಯೂಟ್ಯೂಬು, ಒಂದು ಜಿಮೇಲು, ಇನ್ನೆರಡು ಟ್ಯಾಬು ಅಂತ ಬಿಟ್ಟರೆ ಉಳಿದದ್ದು ಅಲ್ಲಿಗೇ ಖಾಲಿ. ಹಾಗಾಗಿ ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿಗೆ ಹೋಗಿ, ಒಳಗಿನ ರ‍್ಯಾಮ್ ಕಡ್ಡಿ ಬಿಚ್ಚಿಕೊಂಡು ಹೋಗಿ ತೋರಿಸಿ, ಅದೇ ಥರದ ಡಿಡಿಆರ್3 4 ಜಿಬಿ ತನ್ನಿ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದರೆ ಸಣ್ಣದೊಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್). ನಿಜ ಹೇಳಬೇಕೆಂದರೆ ಯಾವ ಲಿನಕ್ಸ್ ಅನ್ನೋದಕ್ಕಿಂತ ಈ ಎಸ್‌ಎಸ್‌ಡಿಯಿಂದ ಸಿಗುವ ವೇಗವೇ ಜಾಸ್ತಿ.

2 ಜಿಬಿಯಲ್ಲೇ ಇರುತ್ತೀರಾದರೆ ಲುಬುಂಟು. 4 ಆದರೆ ಲಿನಕ್ಸ್ ಮಿಂಟ್ ಅನ್ನೋ ಇನ್ನೊಂದು ರೂಪದ ಎಕ್ಸ್‌ಎಫ್‌ಸಿಇ ಆವೃತ್ತಿ, ನೋಡಲಿಕ್ಕೂ ವಿಂಡೋಸ್ ಥರವೇ ಇದೆ, ಮನೆಯವರು ಗೊಣಗುವುದಿಲ್ಲ. ನಿಮ್ಮ ವಿಂಡೋಸ್ '32 ಬಿಟ್' ಅಂತ ತೋರಿಸಬಹುದು, ಹೆದರಬೇಡಿ. ಆಗ 2 ಜಿಬಿ ಮಷೀನಿಗೆಲ್ಲ ಅದನ್ನೇ ಹಾಕಿ ಕೊಡುತ್ತಿದ್ದರು. ಐ3 ಚಿಪ್ 64 ಬಿಟ್ಟೇ, ಇವೆರಡೂ ಅದರಲ್ಲಿ ಓಡುತ್ತವೆ.

ಈಗ ಪೆನ್‌ಡ್ರೈವ್. 8 ಜಿಬಿಯದು ಸಾಕು. ಲುಬುಂಟು ಅಥವಾ ಮಿಂಟ್‌ನ ತಾಣದಿಂದ ಡೌನ್‌ಲೋಡ್ ಆದ ಐಎಸ್‌ಒ ಫೈಲನ್ನು (ಇಡೀ ಲಿನಕ್ಸ್ ಇರುವ ಫೈಲು) ಪೆನ್‌ಡ್ರೈವ್‌ಗೆ ಬರೀ ಕಾಪಿ ಮಾಡಿದರೆ ಲ್ಯಾಪ್‌ಟಾಪ್ ಅದರಿಂದ ಬೂಟ್ ಆಗುವುದಿಲ್ಲ, ಅಂದರೆ ಶುರುವಾಗುವುದಿಲ್ಲ, ರೂಫಸ್ ಅನ್ನೋ ಪುಟ್ಟ ತಂತ್ರಾಂಶದಿಂದ ಬರೆಯಬೇಕು. ರೂಫಸ್‌ನ 4ನೇ ಆವೃತ್ತಿ ವಿಂಡೋಸ್ 7ರಲ್ಲಿ ತೆರೆಯುವುದೇ ಇಲ್ಲ. 3.22 ಹುಡುಕಿ, ಇಲ್ಲಾಂದ್ರೆ ತಂಗಿ ಮಗನ ಲ್ಯಾಪ್‌ಟಾಪಲ್ಲಿ ಮಾಡಿಸಿ. ಆಮೇಲೆ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ತಕ್ಷಣ ಎಫ್12 ಟಕಟಕ ಒತ್ತಿ (ಡೆಲ್, ಲೆನೊವೊಗೆ ಇದು, ಎಚ್‌ಪಿ ಆದರೆ ಎಫ್9). ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ.

ಇನ್‌ಸ್ಟಾಲ್ ಒತ್ತಬೇಡಿ ಇನ್ನೂ! ಲುಬುಂಟುವಿನಲ್ಲಿ 'ಟ್ರೈ' ಅಂತ ಇರುತ್ತದೆ, ಮಿಂಟ್ ಆದರೆ ನೇರವಾಗಿ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ, ಅದರಲ್ಲಿ ಒಂದು ಸಂಜೆ ಓಡಾಡಿ. ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಸೌಂಡ್ ಬರುತ್ತಾ, ಟಚ್‌ಪ್ಯಾಡ್ ಓಡುತ್ತಾ, ಮುಖ್ಯವಾಗಿ ವೈಫೈ ಕಾಣುತ್ತಾ ನೋಡಿ. ಬ್ರಾಡ್‌ಕಾಮ್ ಚಿಪ್ ಇದ್ದರೆ ವೈಫೈ ಕಾಣದೆ ಇರಬಹುದು. ಆಗ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ, ಇನ್‌ಸ್ಟಾಲ್ ಆದ ಮೇಲೆ ಡ್ರೈವರನ್ನು ಅದರಿಂದಲೇ ಇಳಿಸಿಕೊಳ್ಳಬಹುದು.

ಇನ್ನು ಇನ್‌ಸ್ಟಾಲ್ ಮಾಡುವಾಗ 'ಇರೇಸ್ ಡಿಸ್ಕ್' ಅಂತ ಕೇಳುವ ಜಾಗ. ಅದು ಸಿ ಡ್ರೈವ್ ಒಂದನ್ನೇ ಅಳಿಸುವುದಿಲ್ಲ, ಡಿ, ಇ ಎಲ್ಲ ಹೋಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಡಿ ಡ್ರೈವ್‌ನಲ್ಲಿದ್ದ ಅಕ್ಕನ ಮದುವೆ ಫೋಟೋ ಹೋದವು, ಪ್ರತಿ ಹಬ್ಬಕ್ಕೂ ಅಕ್ಕ ಈಗಲೂ ಅದನ್ನು ಎತ್ತುತ್ತಾಳೆ. ಮೊದಲು ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಲಿನಕ್ಸ್ ಹಾಕಿದ್ದೇನೆ. ನುಡಿ ತಂತ್ರಾಂಶದಲ್ಲಿ ಬರೆದ ಹಳೆ ಪತ್ರಗಳು ಏನೇನೋ ಚಿಹ್ನೆಯಾಗಿ ಕಾಣುತ್ತಿವೆ. ಕನ್ನಡ ಟೈಪ್ ಮಾಡುವುದು ಹೇಗೆ?

ಉತ್ತರ: ಪತ್ರ ಕೆಟ್ಟಿಲ್ಲ. ಹಳೆ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಎದ್ದು ಕಾಣುತ್ತದೆ, ಅಷ್ಟೇ. ನುಡಿಯ ಆ ಫಾಂಟ್ ಫೈಲುಗಳನ್ನು (ಹೆಸರಿನ ಕೊನೆಗೆ ಟಿಟಿಎಫ್ ಅಂತ ಇರುವವು) ಹೋಮ್ ಫೋಲ್ಡರಿನಲ್ಲಿ '.ಫಾಂಟ್ಸ್' ಅಂತ (ಇಂಗ್ಲಿಷಿನಲ್ಲಿ, ಮುಂದೆ ಚುಕ್ಕಿ ಇಟ್ಟು) ಒಂದು ಫೋಲ್ಡರ್ ಮಾಡಿ ಹಾಕಿ, ಲಿಬ್ರೆಆಫೀಸ್ ಮತ್ತೆ ತೆರೆಯಿರಿ. ಹೊಸದಾಗಿ ಬರೆಯುವುದನ್ನು ಮಾತ್ರ ಯೂನಿಕೋಡಿನಲ್ಲೇ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿ) ಬರೆಯಿರಿ. ಐಬಸ್, ಐಬಸ್-ಎಂ17ಎನ್ (ಕನ್ನಡ ಟೈಪ್ ಮಾಡಲು ಬೇಕಾದ ತಂತ್ರಾಂಶಗಳು) ಎರಡೂ ಹಾಕಿ ಕನ್ನಡದಲ್ಲಿ ಕೆಜಿಪಿ ಆರಿಸಿದರೆ ನುಡಿಯದೇ ಕೀಲಿಮಣೆ, ಬೆರಳಿಗೆ ಹೊಸದಾಗಿ ಕಲಿಯುವ ಕಷ್ಟ ಇಲ್ಲ.

ಪ್ರಶ್ನೆ: ಆ್ಯಂಟಿವೈರಸ್ ಬೇಕಾ?

ಉತ್ತರ: ಮನೆ ಬಳಕೆಗೆ ಬೇಡ. ಅಪ್‌ಡೇಟ್ ಬಂದಾಗ 'ಆಮೇಲೆ' ಅನ್ನಬೇಡಿ ಸಾಕು.