ಬಾವಿ ನೀರು ಮತ್ತು ಗೈಗರ್ ಕೌಂಟರ್

ಪ್ರಶ್ನೆ: ಕೈಗಾ ಅಣು ವಿದ್ಯುತ್ ಸ್ಥಾವರದ ತ್ಯಾಜ್ಯ ಸೋರಿ ಕಾಳಿ ನದಿಗೆ ಸೇರಿದರೆ ತಿಳಿಯುವುದು ಹೇಗೆ? ವಿಕಿರಣ ಅಳೆಯುವ ಗೈಗರ್ ಕೌಂಟರ್ ಕೊಂಡು ನಮ್ಮ ಬಾವಿಯ ನೀರನ್ನು ನಾವೇ ಪರೀಕ್ಷಿಸಬಹುದೇ?
— ಓದುಗರೊಬ್ಬರು, ಮಲ್ಲಾಪುರ, ಕಾರವಾರ ತಾಲೂಕು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಆ ಹಣ ವ್ಯರ್ಥ. ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ಕೈಗಾದಂಥ ಸ್ಥಾವರಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದ ಟ್ರೀಷಿಯಂ (ಹೈಡ್ರೋಜನ್‌ನ ವಿಕಿರಣಶೀಲ ರೂಪ) ನೀರಿನ ಅಣುವಿನಲ್ಲೇ ಸೇರಿಕೊಂಡು ನೀರಿನಷ್ಟೇ ಸಲೀಸಾಗಿ ಹರಿಯುತ್ತದೆ. ಆದರೆ ಅದು ಹೊಮ್ಮಿಸುವ ಬೀಟಾ ಕಣಗಳು (ವೇಗದ ಎಲೆಕ್ಟ್ರಾನ್‌ಗಳು) ತೀರಾ ದುರ್ಬಲವಾಗಿರುವುದರಿಂದ ಸಾಮಾನ್ಯ ಗೈಗರ್ ನಳಿಕೆಯ ಕಿಟಕಿಯನ್ನೂ ದಾಟಲಾರವು. ಪ್ರಯೋಗಾಲಯದಲ್ಲಿ ನೀರನ್ನು ಬಟ್ಟಿ ಇಳಿಸಿ, ಕಣ ಬಡಿದಾಗ ಮಿನುಗುವ ದ್ರಾವಣದೊಡನೆ ಪುಟ್ಟ ಸೀಸೆಯಲ್ಲಿ ಬೆರೆಸಿ, ಕತ್ತಲ ಪೆಟ್ಟಿಗೆಯಲ್ಲಿಟ್ಟು ಆ ಮಿನುಗುಗಳನ್ನು ಎಣಿಸುತ್ತಾರೆ.

ಇನ್ನು ಮೊದಲ ಪ್ರಶ್ನೆ. ತ್ಯಾಜ್ಯವನ್ನಿಡುವ ಕಾಂಕ್ರೀಟ್ ಕಂದಕಗಳ ಸುತ್ತ ಕೊರೆದ ಬೋರ್‌ವೆಲ್‌ಗಳೇ ಮೊದಲ ಕಾವಲು. ಅಲ್ಲಿಂದಾಚೆಗೆ ನದಿಯ ನೀರು, ಮೀನು, ಹಾಲು, ಅಕ್ಕಿಯ ಮಾದರಿಗಳನ್ನೂ ಪರೀಕ್ಷಿಸಲಾಗುತ್ತದೆ. ಅಣು ವಿದಳನದಲ್ಲಿ ಹುಟ್ಟುವ ವಿಕಿರಣಶೀಲ ಸೀಸಿಯಂ-137 ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ, ನೀರಿನಲ್ಲಿ ಕಾಣದಿದ್ದರೂ ತಳದ ಕೆಸರಿನಲ್ಲಿ ಸಿಕ್ಕೀತು. ಹಾಗೆ ಸಿಕ್ಕಿದ್ದೆಲ್ಲ ಸ್ಥಾವರದ್ದೇ ಎನ್ನುವಂತೆಯೂ ಇಲ್ಲ, ಹಿಂದಿನ ಬಾಂಬ್ ಪರೀಕ್ಷೆಗಳ ಅವಶೇಷ ಜಗತ್ತಿನ ಮಣ್ಣಿನಲ್ಲೆಲ್ಲ ಇದೆ. ಸ್ಥಾವರ ಶುರುವಾಗುವ ಮೊದಲಿನ ಅಳತೆಗಳಿಗೆ ಬೆಲೆಯಿರುವುದು ಇದೇ ಕಾರಣಕ್ಕೆ.

ಸ್ಥಾವರದಿಂದ ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆಯ ಮಾನ). ನಿಸರ್ಗದಿಂದಲೇ ಬರುವ ಜಾಗತಿಕ ಸರಾಸರಿ ಸುಮಾರು 2.4. ನಿಮ್ಮ ಬಾವಿಯ ಬಗ್ಗೆ ಸಂದೇಹವಿದ್ದರೆ ಗ್ರಾಮ ಪಂಚಾಯಿತಿಯ ಮೂಲಕ ಟ್ರೀಷಿಯಂ ಪರೀಕ್ಷೆಯನ್ನೇ ಹೆಸರಿಸಿ ಲಿಖಿತವಾಗಿ ಕೇಳಿರಿ. ಸಾಮಾನ್ಯ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ.