ಓದುಗರ ಪ್ರಶ್ನೆ: ಸ್ಟೆಫಿ ನಂತರ ಬಂದ ಕೆರ್ಬರ್

ಪ್ರಶ್ನೆ: ಸ್ಟೆಫಿ ಗ್ರಾಫ್ ಟೆನಿಸ್ ಬಿಟ್ಟ ಮೇಲೆ ಜರ್ಮನಿಯಿಂದ ದೊಡ್ಡ ಆಟಗಾರ್ತಿ ಯಾರೂ ಬರಲೇ ಇಲ್ವಾ?
– ಓದುಗರೊಬ್ಬರು, ಧಾರವಾಡ

ಬಂದರು. ಆದರೆ ಜರ್ಮನಿ ತುಂಬಾ ಕಾಯಬೇಕಾಯಿತು. ಸ್ಟೆಫಿ ಕೊನೆಯ ಗ್ರ್ಯಾಂಡ್‌ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆದ್ದದ್ದು 1999ರ ಫ್ರೆಂಚ್ ಓಪನ್‌ನಲ್ಲಿ. ಅದಾದ ಮೇಲೆ ಆ ದೇಶದ ಹೆಣ್ಣುಮಗಳೊಬ್ಬಳು ಸಿಂಗಲ್ಸ್ ಗ್ರ್ಯಾಂಡ್‌ಸ್ಲಾಮ್ ಕಪ್ ಎತ್ತಿದ್ದು 2016ರ ಆಸ್ಟ್ರೇಲಿಯನ್ ಓಪನ್‌ನಲ್ಲಿ. ಅವರೇ ಅಂಗೆಲಿಕ್ ಕೆರ್ಬರ್. ನಡುವೆ 2013ರಲ್ಲಿ ಸಬೀನ್ ಲಿಸಿಕಿ ವಿಂಬಲ್ಡನ್ ಫೈನಲ್‌ವರೆಗೆ ಬಂದು ಮರಿಯನ್ ಬಾರ್ತೊಲಿಗೆ ಸೋತಿದ್ದರು. ಆಂಡ್ರಿಯಾ ಪೆಟ್ಕೊವಿಚ್, ಯೂಲಿಯಾ ಗೋರ್ಗೆಸ್ ಕೂಡ ಚೆನ್ನಾಗಿ ಆಡಿದರು. 22 ಗ್ರ್ಯಾಂಡ್‌ಸ್ಲಾಮ್ ಗೆದ್ದ ಸ್ಟೆಫಿ ಜೊತೆ ಯಾರನ್ನೂ ಹೋಲಿಸೋದು ಬೇಡ. ಕೆರ್ಬರ್ ಕಥೆಯೇ ಬೇರೆ, ನನಗಂತೂ ಅದು ಅಷ್ಟೇ ಇಷ್ಟ.

ಪ್ರಶ್ನೆ: ಕೆರ್ಬರ್ ನಂಬರ್ ಒನ್ ಆದಾಗ 28 ವರ್ಷ ಅಂತ ಓದಿದೆ. ಅಷ್ಟು ತಡ ಯಾಕೆ?
– ಓದುಗರೊಬ್ಬರು, ಮೈಸೂರು

ಕೆರ್ಬರ್ ಹುಟ್ಟಿದ್ದು 1988ರಲ್ಲಿ, ಬ್ರೆಮೆನ್‌ನಲ್ಲಿ. ಬೆಳೆದದ್ದು ಕೀಲ್ ಊರಲ್ಲಿ. ತಂದೆ ತಾಯಿ ಪೋಲೆಂಡ್ ಮೂಲದವರು. 2003ರಲ್ಲೇ ವೃತ್ತಿಪರ ಆಟಕ್ಕೆ ಇಳಿದರೂ ಎಂಟು ವರ್ಷ ಹೆಸರು ಕೇಳಿಬರಲಿಲ್ಲ. 2011ರ ಮೊದಲ ಅರ್ಧದಲ್ಲಿ ಮೊದಲ ಸುತ್ತಿನಲ್ಲೇ ಮೇಲಿಂದ ಮೇಲೆ ಸೋತು, ಟೆನಿಸ್ಸೇ ಬಿಟ್ಟುಬಿಡೋಣ ಅನ್ನುವ ಯೋಚನೆಗೂ ಬಂದಿದ್ದರು. ಆಮೇಲೆ ಪೆಟ್ಕೊವಿಚ್ ಅಭ್ಯಾಸ ಮಾಡುತ್ತಿದ್ದ ಅಕಾಡೆಮಿಗೆ ಹೋಗಿ ಮೈ ಮುರಿದು ದುಡಿದರು. ಅದೇ ವರ್ಷ ಯುಎಸ್ ಓಪನ್‌ನಲ್ಲಿ 92ನೇ ರ‍್ಯಾಂಕಿನ ಈ ಹುಡುಗಿ ಸೆಮಿಫೈನಲ್ ತಲುಪಿದಳು!

ಅಲ್ಲಿಂದ ಮೊದಲ ಹತ್ತರೊಳಗೆ ಬಂದರು, ಆದರೆ ದೊಡ್ಡ ಕಪ್ ಮಾತ್ರ ಕೈಗೆ ಸಿಗಲಿಲ್ಲ. 2015ರ ಶುರುವಿನಲ್ಲಿ ಮತ್ತೆ ಆಟ ಕೈಕೊಟ್ಟಾಗ ಲಾಸ್ ವೇಗಸ್‌ಗೆ ಹೋಗಿ ಸ್ಟೆಫಿ ಜೊತೆ ಕೆಲವು ದಿನ ಅಭ್ಯಾಸ ಮಾಡಿದರು. ಆ ವರ್ಷ ನಾಲ್ಕು ಟೂರ್ನಿ ಗೆದ್ದರು: ಹಸಿರು ಮಣ್ಣು, ಕೆಂಪು ಮಣ್ಣು, ಹುಲ್ಲು, ಹಾರ್ಡ್ ಕೋರ್ಟ್, ಒಂದೊಂದರ ಮೇಲೂ ಒಂದೊಂದು. ಆದರೆ ವರ್ಷದ ಕೊನೆಗೆ ಆ ವರ್ಷದ ಅಗ್ರ ಆಟಗಾರ್ತಿಯರಷ್ಟೇ ಆಡುವ ಸಿಂಗಪುರದ ಫೈನಲ್ಸ್ ಟೂರ್ನಿಯಲ್ಲಿ, ಒಂದೇ ಒಂದು ಸೆಟ್ ಗೆದ್ದರೆ ಸೆಮಿಫೈನಲ್ ಅನ್ನುವ ಪಂದ್ಯದಲ್ಲಿ, ಆ ಒಂದು ಸೆಟ್ಟನ್ನೂ ಗೆಲ್ಲಲಾಗದೆ ಹೊರಬಿದ್ದರು. ಎಷ್ಟು ಹೊಟ್ಟೆ ಉರಿದಿರಬೇಡ.

ಮುಂದಿನ ಟೂರ್ನಿಗಳಲ್ಲಿ ಆದದ್ದೇ ಬೇರೆ. 2016ರ ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತಿನಲ್ಲೇ ಜಪಾನಿನ ಮಿಸಾಕಿ ದೋಯಿ ಎದುರು ಇನ್ನೊಂದು ಪಾಯಿಂಟ್ ಹೋದರೆ ಸೋಲು ಅನ್ನುವ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಬಚಾವಾದರು, ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಅವರನ್ನು 6-4, 3-6, 6-4ರಲ್ಲಿ ಸೋಲಿಸಿದರು. ಆ ದಿನ ಸೆರೆನಾ ಗೆದ್ದಿದ್ದರೆ ಸ್ಟೆಫಿಯ 22ರ ಲೆಕ್ಕಕ್ಕೆ ಸಮ ಆಗುತ್ತಿತ್ತು! ಅದೇ ವರ್ಷ ವಿಂಬಲ್ಡನ್ ಫೈನಲ್, ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, ಯುಎಸ್ ಓಪನ್ ಕಪ್. ಸೆಪ್ಟೆಂಬರ್ 12ಕ್ಕೆ ನಂಬರ್ ಒನ್. ಸೆರೆನಾ ಸತತ 186 ವಾರ ಆ ಜಾಗದಲ್ಲಿದ್ದರು. ಕೆರ್ಬರ್ ಅದನ್ನು ಅಲ್ಲಿಗೆ ನಿಲ್ಲಿಸಿದರು.

ಹಾಗಾಗಿ ತಡವಾಯಿತು ಅನ್ನೋದಕ್ಕಿಂತ, ಅಷ್ಟು ಸೋಲುಗಳಾದ ಮೇಲೂ ಆಡುತ್ತಾ ಉಳಿದರು ಅಂತ ನಾನು ಹೇಳುತ್ತೇನೆ.

ಪ್ರಶ್ನೆ: ಕೆರ್ಬರ್ ಸರ್ವ್ ಅಷ್ಟೇನೂ ಜೋರಿಲ್ಲ. ಹೇಗೆ ಗೆಲ್ಲುತ್ತಿದ್ದರು?
– ಓದುಗರೊಬ್ಬರು, ಶಿವಮೊಗ್ಗ

ನಿಜ, ಎರಡನೇ ಸರ್ವ್ ಅಂತೂ ಎದುರಾಳಿಗೆ ಹೊಡೆಯಲು ಸಿಗುತ್ತಿತ್ತು. ಅವರ ಶಕ್ತಿ ಕಾಲಲ್ಲಿತ್ತು. ಮಂಡಿ ನೆಲಕ್ಕೆ ತಾಗುವಷ್ಟು ಬಗ್ಗಿ, ಎದುರಾಳಿಯ ವೇಗವನ್ನೇ ಬಳಸಿಕೊಂಡು ಚೆಂಡನ್ನು ಗೆರೆಯ ಪಕ್ಕಕ್ಕೆ ಕಳಿಸುತ್ತಿದ್ದರು. ಮುಗಿಯಿತು ಅಂದುಕೊಂಡ ಪಾಯಿಂಟ್ ಮತ್ತೆ ಶುರುವಾಗುತ್ತಿತ್ತು, ಎದುರಾಳಿ ಇನ್ನೂ ಜೋರಾಗಿ ಹೊಡೆಯಲು ಹೋಗಿ ತಪ್ಪು ಮಾಡುತ್ತಿದ್ದರು. ಇನ್ನೊಂದು ವಿಷಯ ಗೊತ್ತಾ? ಕೆರ್ಬರ್ ಹುಟ್ಟಿನಿಂದ ಬಲಗೈಯವರು, ಆಡಿದ್ದು ಮಾತ್ರ ಎಡಗೈಯಲ್ಲಿ.

ಪ್ರಶ್ನೆ: 2016 ಬಿಟ್ಟರೆ ಅವರದು ದೊಡ್ಡ ಸಾಧನೆ ಏನೂ ಇಲ್ಲ ಅಂತ ಸ್ನೇಹಿತ ವಾದ ಮಾಡ್ತಾನೆ.
– ಓದುಗರೊಬ್ಬರು, ಬೆಂಗಳೂರು

ನಿಮ್ಮ ಸ್ನೇಹಿತರಿಗೆ 2018 ನೆನಪಿಸಿ. 2017 ಕೆಟ್ಟ ವರ್ಷ, ಒಪ್ಪುತ್ತೇನೆ. ಒಂದೂ ಟೂರ್ನಿ ಗೆಲ್ಲಲಿಲ್ಲ. ಯುಎಸ್ ಓಪನ್‌ನಲ್ಲಿ ಹಾಲಿ ಚಾಂಪಿಯನ್ ಆಗಿ ಬಂದು ಮೊದಲ ಸುತ್ತಿನಲ್ಲೇ ನವೋಮಿ ಒಸಾಕಾಗೆ ಸೋತರು. ವರ್ಷದ ಕೊನೆಗೆ 21ನೇ ರ‍್ಯಾಂಕ್. ಎಲ್ಲರೂ ಅವರ ಕಥೆ ಮುಗಿಯಿತು ಅಂದಾಗ ಅವರು ಬೆಲ್ಜಿಯಂನ ವಿಮ್ ಫಿಸೆಟ್ ಅವರನ್ನು ಕೋಚ್ ಆಗಿ ತಂದುಕೊಂಡು ಸಿಡ್ನಿಯಲ್ಲಿ ಗೆದ್ದರು, ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ರೊಮೇನಿಯಾದ ಸಿಮೋನಾ ಹಾಲೆಪ್ ಎದುರು ಮೂರನೇ ಸೆಟ್ 9-7ರವರೆಗೆ ಹೋರಾಡಿದರು, ಜುಲೈನಲ್ಲಿ ವಿಂಬಲ್ಡನ್ ಫೈನಲ್‌ಗೆ ಬಂದರು. ಎದುರಿಗೆ ಮತ್ತೆ ಸೆರೆನಾ. 6-3, 6-3. ಇಡೀ ಪಂದ್ಯದಲ್ಲಿ ಕೆರ್ಬರ್ ತಾವಾಗಿ ಮಾಡಿದ ತಪ್ಪು ಐದೇ ಐದು! 1996ರ ಸ್ಟೆಫಿ ನಂತರ ವಿಂಬಲ್ಡನ್ ಗೆದ್ದ ಮೊದಲ ಜರ್ಮನ್ ಮಹಿಳೆ. 2016ಕ್ಕಿಂತ ಇದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಮೊದಲ ಸಲ ಏರುವಾಗ ಒಂದು ಹುರುಪು ಇರುತ್ತದೆ. ಎಲ್ಲರ ಕಣ್ಣೆದುರು ಬಿದ್ದ ಮೇಲೆ ಅದೇ ಸೆರೆನಾ ಎದುರು ನಿಂತು ಗೆಲ್ಲೋದಕ್ಕೆ ಬೇರೆಯೇ ಧೈರ್ಯ ಬೇಕು ಅಲ್ವಾ?

ಪ್ರಶ್ನೆ: ಫ್ರೆಂಚ್ ಓಪನ್ ಯಾಕೆ ಗೆಲ್ಲಲಿಲ್ಲ? ಕೊನೆಯ ಪಂದ್ಯ ಯಾವುದು?
– ಓದುಗರೊಬ್ಬರು, ಮಂಗಳೂರು

ಪ್ಯಾರಿಸ್‌ನ ಮಣ್ಣಿನಲ್ಲಿ ಚೆಂಡು ನಿಧಾನವಾಗುತ್ತದೆ, ಬಳಸಿಕೊಳ್ಳಲು ಎದುರಾಳಿಯ ವೇಗ ಸಿಗುವುದಿಲ್ಲ. ಅಲ್ಲಿ 2012 ಮತ್ತು 2018ರಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಬಂದರು, ಅಷ್ಟೇ. ಕೊನೆಯ ಪಂದ್ಯವೂ ಫ್ರೆಂಚ್ ಓಪನ್ ನಡೆಯುವ ಅದೇ ರೋಲಾಂ ಗ್ಯಾರೋಸ್‌ನಲ್ಲೇ ನಡೆಯಿತು. 2023ರಲ್ಲಿ ಮಗಳು ಹುಟ್ಟಿದ ಮೇಲೆ ಆಟಕ್ಕೆ ಮರಳಿ, 2024ರ ಒಲಿಂಪಿಕ್ಸ್ ಮುಗಿದ ಮೇಲೆ ಬಿಡುತ್ತೇನೆ ಅಂತ ಮೊದಲೇ ಹೇಳಿದ್ದರು. ಆ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ ಒಸಾಕಾ ಅವರನ್ನು ಸೋಲಿಸಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾದ ಝೆಂಗ್ ಚಿನ್‌ವೆನ್ ಎದುರು ಮೂರು ಗಂಟೆ ಆಡಿ, ಮೂರನೇ ಸೆಟ್ಟಿನ ಟೈಬ್ರೇಕರ್‌ನಲ್ಲಿ ಸೋತರು. ಆಮೇಲೆ ಚಿನ್ನ ಗೆದ್ದದ್ದು ಝೆಂಗ್ ಅವರೇ.

ಪ್ರಶ್ನೆ: ಮಗಳು ಎಡಗೈಯಲ್ಲಿ ಟೆನಿಸ್ ಆಡ್ತಾಳೆ. ಕೆರ್ಬರ್ ಅವರ ಯಾವ ಪಂದ್ಯ ತೋರಿಸಲಿ?
– ತಾಯಿಯೊಬ್ಬರು, ಹುಬ್ಬಳ್ಳಿ

2016ರ ಮೆಲ್ಬರ್ನ್ ಫೈನಲ್, ಅಂದರೆ ಸೆರೆನಾ ಎದುರಿನ ಆಸ್ಟ್ರೇಲಿಯನ್ ಓಪನ್ ಫೈನಲ್ ತೋರಿಸಿ. ಬರೀ ಮುಖ್ಯಾಂಶ ಬೇಡ, ಮೂರನೇ ಸೆಟ್ ಪೂರ್ತಿ ನೋಡಲಿ. ಪಂದ್ಯ ಮುಗಿಸುವ ಸರ್ವ್ 5-3ರಲ್ಲಿ ಕೈಯಲ್ಲಿದ್ದಾಗ ಕೆರ್ಬರ್ ಆ ಗೇಮ್ ಸೋಲುತ್ತಾರೆ, ಮುಂದಿನ ಗೇಮಿನಲ್ಲಿ ಸೆರೆನಾ ಸರ್ವ್ ಮುರಿದು, ಅಂದರೆ ಸೆರೆನಾ ಸರ್ವ್ ಮಾಡುವ ಗೇಮನ್ನೇ ಗೆದ್ದು, ಕಪ್ ಗೆಲ್ಲುತ್ತಾರೆ. ಆ ಎರಡು ಗೇಮ್‌ಗಳಲ್ಲಿ ಅವಳು ಚೆಂಡನ್ನು ಬಿಟ್ಟು ಕೆರ್ಬರ್ ಕಾಲುಗಳನ್ನೇ ನೋಡಲಿ.